ಆಸ್ಪತ್ರೆಗೆ ತಲುಪದ ನೀರು

"ಟೀಚರಮ್ಮ, ಸಂಜೆ ಸಭೇಲಿ ನನ್ನ ಕೆಲಸದಿಂದ ತೆಗೀತಾರಂತೆ. ದೇವರಾಣೆ, ನಾನು ಆಸ್ಪತ್ರೆ ವಾಲ್ವ್ ಮುಚ್ಚಿಲ್ಲ!"

ಊರಿಗೆ ನೀರು ಬಿಡುವವನು ಬಾಗಿಲಲ್ಲೇ ಕುಸಿದು ಕೂತ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬೈಬಲ್ ಕತೆ ಹೇಳುವುದು ಟೀಚರಮ್ಮನ ಕೆಲಸ, ಊರಿನ ಗುಟ್ಟು ಬಿಡಿಸುವುದು ಚಟ. ದರ್ಜಿಯಾದ ಅವಳ ತಮ್ಮ ಸೂಜಿ ಕೆಳಗಿಟ್ಟ. ಅಕ್ಕ ಚಪ್ಪಲಿ ಮೆಟ್ಟಿದಳೆಂದರೆ ಅಂದಿನ ಹೊಲಿಗೆಗೆ ಎಳ್ಳುನೀರು.

ಬೀದಿಯ ಕೊನೆಗಿದ್ದ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನರ್ಸ್ ಖಾಲಿ ಬಕೆಟ್ ತೋರಿಸಿದಳು. "ನೀರು ಬಿಡೋ ಹೊತ್ತಿಗೇ ನಲ್ಲಿ ಒಣಗುತ್ತೆ. ಮೊನ್ನೆ ಮಾತ್ರ ಧಾರಾಳ ಬಂತು. ಅವತ್ತು ಕರೆಂಟ್ ಇರಲಿಲ್ಲ, ನೀರಾದ್ರೂ ಬಂತಲ್ಲ ಅಂದ್ಕೊಂಡ್ವಿ."

ಅಲ್ಲಿಂದ, ಅದೇ ಪೈಪಿನ ನೀರು ಪಡೆಯುವ, ನೀರಿನ ಸಮಿತಿಯ ಅಧ್ಯಕ್ಷರ ಮನೆಗೆ. "ನಮಗೂ ತೊಟ್ಟು ತೊಟ್ಟೇ ಬರೋದು," ಎಂದರು ಅವರು. ಮಹಡಿಯಲ್ಲಿ ಅವರ ಹೆಂಡತಿ ಲಕ್ವ ಹೊಡೆದು ಮಲಗಿದ್ದರು. ತಾರಸಿಯ ತಂತಿಯ ಮೇಲೆ ಸಾಲಾಗಿ ಒಣಹಾಕಿದ್ದ ಹಾಸು, ಹೊದಿಕೆಗಳಿಂದ ನೀರು ಸೋರುತ್ತಿತ್ತು. ಅಂಚಿನ ಹೊಲಿಗೆ ಚೆನ್ನಾಗಿದೆ ಎಂದಷ್ಟೇ ತಮ್ಮನಿಗೆ ತೋಚಿತು.

ಸಂಜೆ ಸಭೆ ತುಂಬಿತ್ತು. ಟೀಚರಮ್ಮ ಎದ್ದು ನಿಂತಳು.

"ಟ್ಯಾಂಕು ಗುಡ್ಡದ ಮೇಲಿದೆ, ನೀರು ಇಳಿಯೋಕೆ ಕರೆಂಟ್ ಬೇಡ. ಇವನು ವಾಲ್ವ್ ಮುಚ್ಚಿದ್ರೆ ಕರೆಂಟ್ ಹೋದ ದಿನವೂ ಆಸ್ಪತ್ರೆ ನಲ್ಲಿ ಒಣಗಿರ್ತಿತ್ತು. ಅವತ್ತೇ ಧಾರಾಳ ಬಂತು ಅಂದ್ರೆ, ಬೇರೆ ದಿನ ಯಾರೋ ಮೋಟಾರ್ ಹಚ್ಚಿ ಪೈಪಿಂದ ನೀರು ಎಳೀತಿದಾರೆ. ಯಾರು? ತೊಟ್ಟು ನೀರಲ್ಲಿ ರಾಶಿ ಹಾಸಿಗೆಬಟ್ಟೆ ಒಗೆಯೋರು."

ತಮ್ಮ ಹಣೆ ಚಚ್ಚಿಕೊಂಡ. ಅಧ್ಯಕ್ಷರು ಕುರ್ಚಿಯಿಂದ ಎದ್ದರು. "ಅದು ನನ್ನ ಮನೆಯೊಳಗಿನ ವಿಷಯ! ಅವಳನ್ನ ಒದ್ದೆ ಹಾಸಿಗೇಲಿ ಬಿಡಲಾ?"

"ಬೇಡಪ್ಪ," ಎಂದಳು ಅಕ್ಕ, ಮೆಲ್ಲಗೆ. "ಆದ್ರೆ ನೀನೂ ನನ್ನ ಹತ್ರ ಕಲಿತೋನೇ ಅಲ್ವಾ? ಬೈಬಲಲ್ಲಿ ಆಕಾನ ಅನ್ನೋನು ಕದ್ದ ಮಾಲನ್ನ ತನ್ನ ಡೇರೆಯೊಳಗೇ ಹೂತಿಟ್ಟ. ಆ ಪಾಪಕ್ಕೆ ಸೋತು ಪ್ರಾಣ ಬಿಟ್ಟೋರು ಯುದ್ಧಕ್ಕೆ ಹೋದ ಬೇರೆಯವರು. ನಿನ್ನ ಮನೆಯೊಳಗೆ ಸ್ವಿಚ್ ಒತ್ತಿದ್ರೆ ಅಲ್ಲಿ ಆಸ್ಪತ್ರೇಲಿ ಹೆತ್ತೋಳಿಗೆ ನೀರಿಲ್ಲ."

"ಆಕಾನನಿಗೆ ಕೊನೆಗೆ ಕಲ್ಲು ಹೊಡೆದು ಕೊಂದ್ರಲ್ವಾ? ನಾನೂ ಕಲ್ಲು ಹುಡುಕ್ಲಾ?" ಹಿಂದಿನಿಂದ ಯಾರೋ ಕೂಗಿದರು.

"ಹುಡುಕು. ಪಾಪ ಮಾಡದೋನಾಗಿದ್ರೆ ನೀನೇ ಮೊದಲು ಹೊಡಿ."

ಕೂಗಿದವನು ಕೂತ. ಅಧ್ಯಕ್ಷರು ನೀರು ಬಿಡುವವನತ್ತ ತಿರುಗಿದರು. "ನೀರು ಎಳೆದಿದ್ದು ನಾನು. ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದೆ." ಕೈ ಮುಗಿದರು.

"ಕೈ ಮುಗಿದ್ಕೊಂಡು ನಿಂತ್ರೆ ಮೋಟಾರ್ ಬಿಚ್ಚೋರು ಯಾರು ಸಾರ್? ನಡೀರಿ," ಎಂದ ಅವನು ಒರಟಾಗಿ. ಬಾಗಿಲ ತನಕ ಹೋದವನು ನಿಂತು ಸಭೆಯತ್ತ ನೋಡಿದ. "ಮಹಡೀಲಿ ಮಲಗಿರೋ ಅಮ್ಮೋರ ಬಟ್ಟೆಗೆ ನೀರು ಬೇಕಲ್ಲ. ದಿನಾ ನಾನೊಂದು ಕೊಡ ಹೊರ್ತೀನಿ. ಇನ್ನ್ಯಾರು?"

ಮೊದಲು ಕೈ ಎತ್ತಿದವಳು ಹೆರಿಗೆ ಕೋಣೆಯ ನರ್ಸ್.