ಡಬ್ಬಿಯ ಮೇಲಿನ 'ಕ'

"ಬರ್ರಿ ಮೇಡಂ. ನನ್ನ ಮ್ಯಾಲ ಬರದುಕೊಡೂದು ಇನ್ನೇನರ ಉಳದದೇನ್ರಿ?"

ಮೂರು ವರ್ಷದ ಮೇಲೆ ಗೌತಮ ಆಡಿದ ಮೊದಲ ಮಾತು! ಅವನು ಈಗ ಮೇಷ್ಟ್ರಾಗಿರುವ ಕಮಲಾಪುರದ ಶಾಲೆಯ ಬಾಗಿಲಲ್ಲೇ ಮಲ್ಲಿಕಾ ನಿಂತಳು. 'ಮಲ್ಲಿ' ಎಂದು ಕರೆಯುತ್ತಿದ್ದವನು ಇವನೇನಾ?

ಆಗ ಇಬ್ಬರೂ ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧಕರು. ಮದುವೆಯಾದರೆ ಗೌತಮನನ್ನೇ, ಜಾತಿ ಬೇರೆಯಾದರೇನು ಎಂದು ಮನೆಯವರೊಡನೆ ಜಗಳಾಡಿದ್ದವಳು ಮಲ್ಲಿಕಾ.

ಕಮಲಾಪುರದ ಗುಡ್ಡದಲ್ಲಿರುವುದು ಮರುಭೂಮಿಯ ಇಲಿ ಎಂದು ಗೌತಮನ ಹಟ. ಅದರ ಮೈಟೊಕಾಂಡ್ರಿಯದ ಜೀನೋಮ್, ಅಂದರೆ ತಾಯಿಯಿಂದಷ್ಟೇ ಮರಿಗೆ ಇಳಿಯುವ ಹದಿನಾರು ಸಾವಿರ ಡಿಎನ್‌ಎ ಅಕ್ಷರ, ಯಂತ್ರದಲ್ಲಿ ಓದಿಸಿದರೆ ಸಾಬೀತಾಗುತ್ತಿತ್ತು. ಬಿಸಿಲಲ್ಲಿ ಅಲೆದು ಇಲಿ ಹಿಡಿದು, ಕಿವಿಯ ಚೂರು ಡಬ್ಬಿಯಲ್ಲಿಟ್ಟು ತಂದ. ಹೋಲಿಕೆಗೆಂದು ಅವಳು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಗೋದಾಮಿನ ಇಲಿಯದನ್ನು ತಂದಳು.

ಮೊದಲು ಅವನ ಡಬ್ಬಿಯದನ್ನಷ್ಟೇ ಓದಿಸಿದಳು. ಫಲಿತಾಂಶ ಬಂತು... ಗೋದಾಮಿನ ಇಲಿ!

ಗುಡ್ಡ ಹತ್ತದೆ ಮೋಸ ಮಾಡಿದ್ದಾನೆ ಎಂದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳಂತೂ ಪ್ರಯೋಗಾಲಯದ ಮುಖ್ಯಸ್ಥರಾದ ಸರ್‌ಗೆ ಅವನ ಮೇಲೆ ದೂರು ಬರೆದೇ ಕೊಟ್ಟಳು. ಅವನ ಸಂಶೋಧನೆ ಅಲ್ಲಿಗೇ ನಿಂತಿತು. ಮದುವೆಯ ಮಾತೂ.

"ಡಬ್ಬಿ ಮ್ಯಾಲ ನೀ 'ಕ' ಅಂತ ಬರದಿದ್ದಿ," ಎಂದಳು, ಕೈಯಲ್ಲಿದ್ದ ಹಾಳೆ ಚಾಚುತ್ತಾ. "ನಾನೂ 'ಕ' ಅಂತೇ ಬರದಿದ್ದೆ. ನಿಂದು ಕಮಲಾಪುರ, ನಂದು ಕಲಬುರಗಿ... ಅವತ್ತು ನಾ ಓದಿಸಿದ್ದು ನನ್ನ ಡಬ್ಬೀನೇ. ನಿಂದು ಫ್ರೀಜರಿನ ತಳದಾಗ ಸಿಕ್ತು. ಈಗ ಓದಿಸೀನಿ. ಮರುಭೂಮಿ ಇಲೀನೇ ಅದು ಗೌತಮ. ತಪ್ಪು ನಂದು ಅಂತ ಸರ್‌ಗೂ ಬರದು ಕೊಟ್ಟೀನಿ."

ಅವನು ಹಾಳೆಯನ್ನು ಕೊನೆತನಕ ಓದಿದ.

"ನಿಮ್ಮ ಮಂದಿ ಹುಡುಗ ಆಗಿದ್ರ, ಮದಲ ಅವನ್ನ ಒಂದ್ ಮಾತು ಕೇಳ್ತಿದ್ರಿಲ್ರಿ?"

ಇಲ್ಲ ಎನ್ನಲು ಹೋದಳು... ಅದು ಸುಳ್ಳಾಗುತ್ತಿತ್ತು. ತನ್ನೊಳಗೆ ಇಂಥದ್ದೊಂದು ಇತ್ತೆಂದು ಅವಳಿಗೇ ಈಗ ಗೊತ್ತಾದದ್ದು. ನಾಚಿಕೆಯಿಂದ ಕಣ್ಣು ತುಂಬಿತು.

"ಹೌದು. ಕೇಳ್ತಿದ್ದೆ."

ಗೌತಮ ಹಾಳೆ ಮಡಚಿ ಬೆಂಚಿನ ಮೇಲಿಟ್ಟ.

"ನೀನರ ಅವತ್ತು ಯಾಕ ಬಾಯಿ ಬಿಡಲಿಲ್ಲ?"

"ನೀ ಬಂದು ಕೇಳ್ತಿ ಅಂತ ಕಾದೆ. ಸಂಜಿತನ ಕಾದೆ."

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಊಟದ ಗಂಟೆ ಹೊಡೆಯಿತು.

"ಇನ್ನೂ ನೀನೇ ಬೇಕು ನನಗ," ಎಂದಳು. "ನಿನಗ ಆಗಲಿಲ್ಲಂದ್ರ... ಹೋಗ್ತೀನಿ."

ಅವನು ಬೆಂಚಿನ ಮೇಲೆ ಜಾಗ ಮಾಡಿದ.

"ನಮ್ಮವ್ವ ಮಾಡಿದ ರೊಟ್ಟಿ ಅವ. ತಿಂತಿಯೇನು?"

"ಅದನ್ನೇನ ಕೇಳ್ತಿ ಗೌತಮ?"

"ಕೇಳಬೇಕು ಮಲ್ಲಿ," ಎಂದ, ಬುತ್ತಿ ಬಿಚ್ಚುತ್ತಾ. "ಒಂದ್ ಮಾತು ಕೇಳಬೇಕು."