ಹೆಬ್ಬೆರಳಿನ ಅಡಿಯ ಜಂಭ

ಆ ಮನುಷ್ಯನ ಮುಖ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಾಗೆಂದು ಊಟದ ಹೊತ್ತಿನಲ್ಲಿ ಅವಳೇ ಹೇಳುತ್ತಿದ್ದಳು, ಯಾರೂ ಕೇಳದಿದ್ದರೂ. ಆದರೆ ಆ ಮುಖ ಕಂಡರಾಗದವನು ನಿನ್ನೆ ಯಾವ ಬಣ್ಣದ ಅಂಗಿ ಹಾಕಿದ್ದ, ಮೊನ್ನೆ ಯಾವುದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ತಿರಸ್ಕಾರಕ್ಕೆ ಇಷ್ಟೊಂದು ಜ್ಞಾಪಕಶಕ್ತಿ ಬೇಕಾಗುವುದಿಲ್ಲ. ಅದನ್ನು ಅವಳಿಗೆ ಹೇಳಿ ಬೈಸಿಕೊಳ್ಳುವವರು ಯಾರು?

ಪರೀಕ್ಷೆಗೆ ಓದುವವರಿಗೆ ಗೈಡು ಅಚ್ಚು ಹಾಕುವ ಸಣ್ಣ ಆಫೀಸು ಅದು. ಕೆಳಗೆ ಪ್ರೆಸ್ಸು, ಮೇಲೆ ಎರಡು ಕೋಣೆ. ಮಾಲೀಕರು ಅವಳ ಸೋದರಮಾವ. ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕವೊಂದು ತಯಾರಾಗುತ್ತಿತ್ತು. ಪ್ರತಿ ನುಡಿಗಟ್ಟಿಗೂ ಅವಳು ಒಂದು ವಾಕ್ಯ ಬರೆಯಬೇಕು. ಅದಕ್ಕೆ ತಕ್ಕ ಚಿತ್ರವನ್ನು ಪಕ್ಕದ ಮೇಜಿನ ಚಿತ್ರಗಾರ ಬರೆಯಬೇಕು.

ಮೊದಲ ದಿನವೇ ಇಬ್ಬರಿಗೂ ಹತ್ತಿಕೊಂಡಿತ್ತು. ಅವನ ಚಿತ್ರ ನೋಡಿ ಅವಳು, “ಇದೇನು, ಕುದುರೆಯಾ ಕತ್ತೆಯಾ?” ಎಂದಿದ್ದಳು. ಅವನು ತಲೆ ಎತ್ತದೆ, “ವಾಕ್ಯ ಹೇಗಿತ್ತೋ ಹಾಗೆ ಬರೆದೆ ಮೇಡಂ,” ಎಂದಿದ್ದ. ಆಫೀಸು ಗೊಳ್ಳೆಂದು ನಕ್ಕಿತು. ಅಂದಿನಿಂದ ಅವಳ ಬಾಯಲ್ಲಿ ಅವನು ‘ಮಹಾರಾಜ’. ಅವನೋ, ಅವಳು ಎದುರಿಗೆ ಬಂದರೆ ಬ್ರಷ್ ತೊಳೆಯಲು ಎದ್ದು ಹೋಗುತ್ತಿದ್ದ. ತೊಳೆದ ಬ್ರಷ್ಷನ್ನೇ ಮತ್ತೆ ಮತ್ತೆ ತೊಳೆಯುವುದು ಕೊಬ್ಬಲ್ಲದೆ ಇನ್ನೇನು ಎಂದು ಅವಳ ವಾದ.

ವಾಕ್ಯಗಳನ್ನು ಪಾಸು ಮಾಡುತ್ತಿದ್ದವರು ಮಾವನ ಹೆಂಡತಿ. ಪ್ರೂಫ್ ನೋಡುವುದರಲ್ಲಿ ಕೂದಲು ಹಣ್ಣಾದ ಅತ್ತೆ. ಅವರದು ಒಂದೇ ಪದ್ಧತಿ. ಬರೆದವರು ನುಡಿಗಟ್ಟಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ಹಾಳೆ ಹಿಡಿಯಬೇಕು, ಅತ್ತೆ ಉಳಿದದ್ದನ್ನಷ್ಟೇ ಓದಿ ಒಳಗಿನ ಅರ್ಥ ಹೇಳಬೇಕು. ಹೇಳಲಾಗದಿದ್ದರೆ ವಾಕ್ಯ ದಂಡ. “ಬೆರಳಿನ ಕೆಳಗೆ ಏನಿದೆ ಅಂತ ಹೊರಗಿರೋದೇ ಹೇಳ್ಬೇಕು ಕಣೇ. ಇಲ್ಲಾಂದ್ರೆ ಓದೋ ಮಕ್ಕಳು ಏನು ಕಲೀತಾವೆ?”

ಪುಸ್ತಕದಲ್ಲಿ ಉಳಿದಿದ್ದದ್ದು ಒಂದೇ ನುಡಿಗಟ್ಟು, ‘ಟೂ ಬಿಗ್ ಫಾರ್ ಹಿಸ್ ಬೂಟ್ಸ್’. ಆಸಾಮಿ ತನ್ನ ಬೂಟಿಗಿಂತ ದೊಡ್ಡವನಾಗಿಬಿಟ್ಟ ಎಂದರ್ಥ. ಕೊಂಬು ಬಂದಿದೆ, ತಲೆ ನಿಲ್ಲುತ್ತಿಲ್ಲ ಎಂದು ನಾವು ಬೈಯುವುದನ್ನು ಇಂಗ್ಲಿಷಿನವರು ಕಾಲಿಗೆ ಇಳಿಸಿ ಬೈಯುತ್ತಾರೆ. ಈ ಚಿತ್ರವೊಂದು ಮುಗಿದರೆ ಚಿತ್ರಗಾರನ ಕೆಲಸವೂ ಮುಗಿಯಿತು. ಬೇರೆ ಊರಿನ ಪ್ರೆಸ್ಸೊಂದು ಅವನನ್ನು ಕರೆದಿತ್ತು. ಸಂಜೆಯ ಬಸ್ಸಿಗೆ ಟಿಕೆಟ್ ಆಗಿತ್ತು. “ಪೀಡೆ ತೊಲಗ್ತು,” ಎಂದಳು ಅವಳು. ಹಾಗೆಂದ ಮೇಲೆ ಊಟ ಸೇರಲಿಲ್ಲ.

“ವಾಕ್ಯ ಆಯ್ತಾ ಮೇಡಂ? ಬಸ್ಸಿದೆ.”

“ಜಂಭದ ಬಗ್ಗೆ ಬರೀಬೇಕು. ನೀವು ಹಾಗೇ ಕೂತಿರಿ, ನೋಡ್ಕೊಂಡು ಬರೀತೀನಿ.”

“ಯಾವ ಕಡೆ ತಿರುಗ್ಲಿ?”

“ಗೋಡೆ ಕಡೆ.”

ಅವನು ನಿಜವಾಗಿಯೂ ಗೋಡೆಯ ಕಡೆ ತಿರುಗಿ ಕುಳಿತ. ಹಿಂದಿನಿಂದ ಕಿವಿಗಳು ಕೆಂಪಗೆ ಕಾಣುತ್ತಿದ್ದವು. ಕತ್ತಿನ ಬಳಿ ಕೂದಲು ಸಣ್ಣಗೆ ಸುರುಳಿಯಾಗಿತ್ತು. ಇದನ್ನೆಲ್ಲ ಯಾಕೆ ನೋಡುತ್ತಿದ್ದೇನೆ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಗಿ, ಸರಸರನೆ ಬರೆದಳು.

ಇಂಗ್ಲಿಷಿನಲ್ಲಿದ್ದುದರ ಸಾರ ಇಷ್ಟು: ‘ನಮ್ಮ ಚಿತ್ರಗಾರ ಬೂಟಿಗಿಂತ ದೊಡ್ಡವನಾಗಿದ್ದಾನೆ. ಯಾರೊಂದಿಗೂ ಮಾತಿಲ್ಲ, ಮಾತಾಡಿಸಿದರೆ ಮುಖ ತಿರುಗಿಸುತ್ತಾನೆ.’ ಪಕ್ಕದ ಕೋಣೆಗೆ ಹೋಗಿ, ನುಡಿಗಟ್ಟಿನ ಮೇಲೆ ಹೆಬ್ಬೆರಳಿಟ್ಟು ಅತ್ತೆಯ ಮುಂದೆ ಹಿಡಿದಳು.

ಅತ್ತೆ ಓದಿ, “ಹಲ್ಲುನೋವಾ?” ಎಂದರು.

ಅವಳು ಹಾಳೆ ಕಿತ್ತುಕೊಂಡು ಬಂದು ಇನ್ನೊಂದು ಬರೆದಳು. ದಿನಾ ಇಸ್ತ್ರಿ ಅಂಗಿ, ಒಳಗೆ ಬರುವ ಮುಂಚೆ ಕಿಟಕಿಯ ಗಾಜಿನಲ್ಲಿ ತಲೆ ನೋಡಿಕೊಳ್ಳುವುದು, ಎಲ್ಲವೂ ಬಂತು.

“ಮದುವೆ ಗೊತ್ತಾಗಿದ್ಯಾ ಹುಡುಗನಿಗೆ?” ಎಂದರು ಅತ್ತೆ.

ಮೂರನೆಯದಕ್ಕೆ ಅವಳು ತನ್ನ ಬತ್ತಳಿಕೆಯಲ್ಲಿದ್ದದ್ದನ್ನೆಲ್ಲ ಸುರಿದಳು. ಪಕ್ಕದ ಮೇಜಿನ ಹುಡುಗಿ ಬಂದರೆ ಇವನು ಎದ್ದು ಹೋಗುತ್ತಾನೆ. ಅವಳು ನೋಡಿ ಹುಬ್ಬು ಗಂಟಿಕ್ಕಿದರೆ ಆ ಚಿತ್ರವನ್ನು ಹರಿದು ಮತ್ತೆ ಬರೆಯುತ್ತಾನೆ. ಅವಳು ರಜೆ ಹಾಕಿದ ದಿನ ಒಂದು ಗೆರೆಯನ್ನೂ ಎಳೆಯುವುದಿಲ್ಲವಂತೆ, ಅಷ್ಟು ಸೊಕ್ಕು.

ಅತ್ತೆ ಓದಿದರು. ಇನ್ನೊಮ್ಮೆ ಓದಿದರು. ನಗು ತಡೆಯಲಾರದೆ ಕೆಮ್ಮಿದರು.

“ಹುಚ್ಚು ಕಣೇ ಇದು. ಪ್ರೀತಿಯ ಹುಚ್ಚು. ಯಾರು ಈ ಬಡಪಾಯಿ?”

“ಯಾರೋ. ಕಲ್ಪನೆ.”

“ನಿಂಗೆ ಕಲ್ಪನೆ ಯಾವಾಗಿಂದ ಬಂತು?” ಎಂದು ಅತ್ತೆ ಅವಳ ಬೆರಳು ಸರಿಸಿ ನುಡಿಗಟ್ಟು ನೋಡಿದರು. “ಅಯ್ಯೋ, ಇಂಥವನಿಗೆ ಇದು ಹೊಂದಲ್ಲಮ್ಮ. ಯೋಗ್ಯತೆ ಮೀರಿ ಮೆರೆಯೋರಿಗೆ ಹೇಳೋ ಮಾತಿದು. ಯಾರೋ ನಮ್ಮೋರು ಅಂತ ಒಂದು ಕುರ್ಚಿ ಕೊಟ್ರೆ ಅದನ್ನೇ ಸಿಂಹಾಸನ ಅಂದ್ಕೊಳ್ತಾರಲ್ಲ, ಅಂಥೋರಿಗೆ.”

“ಅಂಥೋರು ನಂಗ್ಯಾರೂ ಗೊತ್ತಿಲ್ಲ.”

ಅತ್ತೆ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಹಾಳೆಯನ್ನು ಅವಳ ಕೈಗೆ ವಾಪಸು ಕೊಟ್ಟರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅವಳು ಬಂದು ತನ್ನ ಕುರ್ಚಿಯಲ್ಲಿ ಕುಳಿತಳು. ಹಿಂದೆ ಎತ್ತರದ ಒರಗು, ಮೇಲೆ ಮೆತ್ತೆ. ಆಫೀಸಿನಲ್ಲಿ ಅಂಥದ್ದು ಬೇರೆ ಯಾರಿಗೂ ಇರಲಿಲ್ಲ, ಚಿತ್ರಗಾರನದು ಬರೀ ಸ್ಟೂಲು. ವಾಕ್ಯ ಪಾಸಾಗದಿದ್ದರೆ ಚಿತ್ರ ಆಗುವುದಿಲ್ಲ, ಚಿತ್ರ ಆಗದಿದ್ದರೆ ಅವನಿಗೆ ಬಸ್ಸು ತಪ್ಪುತ್ತದೆ ಎಂಬ ಯೋಚನೆ ಬಂತು. ಛೀ, ಎಂಥ ಹೇಡಿ ಬುದ್ಧಿ ಎಂದುಕೊಂಡಳು. ಎಲ್ಲರನ್ನೂ ಕಾಲಕಸ ಮಾಡಿಕೊಂಡು ಬಂದವಳು, ಈಗ ತನ್ನನ್ನೂ ಬಿಡಲಿಲ್ಲ. ಅವನು ಹೋದರೆ ತನಗೆ ದುಃಖವಾಗುತ್ತದೆ, ತುಂಬಾ ಆಗುತ್ತದೆ. ಅದು ಅವಳಿಗೆ ಈಗ ಗೊತ್ತಾಯಿತು. ಆಮೇಲೆ ಬರೆದಳು.

‘ಮಾವ ಒಂದು ಕುರ್ಚಿ ಕೊಟ್ಟ ಮೇಲೆ ನಾನು ಬೂಟಿಗಿಂತ ದೊಡ್ಡವಳಾದೆ. ನನಗಿಂತ ಚೆನ್ನಾಗಿ ಕೆಲಸ ಮಾಡುವವನ ಕುದುರೆಯನ್ನು ಕತ್ತೆ ಎಂದೆ.’

ಅತ್ತೆ ಪೂರ್ತಿ ಓದುವ ಮುಂಚೆಯೇ, “ಜಂಭ,” ಎಂದರು. ನಂತರ ಮೆಲ್ಲಗೆ, “ಪಾಸು. ಹೋಗು, ಕೊಡು,” ಎಂದರು.

ಅವನು ಒಂದನ್ನು ಬಿಟ್ಟು ಉಳಿದ ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಹಾಳೆ ತೆಗೆದುಕೊಂಡು ನಿಂತೇ ಓದಿದ. ಓದಿ ಸ್ಟೂಲಿನ ಮೇಲೆ ಕುಳಿತ. ತಲೆ ಎತ್ತಿ ಅವಳನ್ನು ನೆಟ್ಟಗೆ ನೋಡಿದ್ದು ಅಂದೇ ಮೊದಲು. ಅವನ ಕಣ್ಣು ತಿಳಿಕಂದು ಬಣ್ಣದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಅಂಗಿಗಳ ಪಾಂಡಿತ್ಯ ಇಷ್ಟೇ.

“ಇಲ್ಲಿ ‘ನಾನು’ ಅಂತ ಇದೆ.”

“ಕಣ್ಣಿದೆಯಲ್ಲ ನಿಮಗೆ.”

“ಹಾಗಾದ್ರೆ ಚಿತ್ರಕ್ಕೆ ಯಾರ ಮುಖ?”

“ನಂದೇ ಹಾಕಿ.”

“ಹಾಕಲ್ಲ.”

“ಯಾಕೆ, ಬರೆಯೋಕೆ ಬರಲ್ವಾ?”

“ಬರುತ್ತೆ. ಬೇಕಾದಷ್ಟು ಸಲ ಬರೆದಿದ್ದೀನಿ. ಆದ್ರೆ ಗೈಡಿಗೆ ಕೊಡಲ್ಲ.”

ಅವಳು ಕೈ ಚಾಚಿದಳು.

“ಎಲ್ಲಿ, ತೋರ್ಸಿ.”

“ತೋರ್ಸಿದ್ರೆ ಕತ್ತೆ ಅಂತೀರಿ.”

ನಗಬೇಕೆಂದುಕೊಂಡವಳಿಗೆ ಅಳು ಬಂತು. ಅಳುವುದು ಕಾಣಬಾರದೆಂದು ಅವನ ಬ್ರಷ್ಷಿನ ಗಂಟನ್ನೇ ನೋಡುತ್ತಾ, “ಆ ಊರಿಗೆ ಹೋಗ್ಬೇಡಿ,” ಎಂದಳು. “ಮುಂದಿನ ಗೈಡು ಶುರುವಾಗ್ತಿದೆ. ಮಾವನಿಗೆ ಬೇರೆ ಚಿತ್ರಗಾರ ಸಿಗೋದು ಕಷ್ಟ.”

“ಮಾವನಿಗಾ?” ಎಂದು ಅವನು ಎದ್ದ. “ಮಾವನಿಗೋಸ್ಕರ ಆದ್ರೆ ಈ ಚಿತ್ರಾನ ಅಲ್ಲಿಂದ್ಲೇ ಕಳಿಸ್ತೀನಿ, ನಾನು ಬಸ್ ಹತ್ತುತ್ತೀನಿ ಮೇಡಂ. ನಿಮ್ಮ ಬಾಯಲ್ಲಿ ಇಷ್ಟು ದಿನ ಮಹಾರಾಜ ಅನ್ನಿಸ್ಕೊಂಡು ಕೂತಿದ್ದು ಅವರಿಗೋಸ್ಕರ ಅಲ್ಲ.”

ಗಂಟು ಹೆಗಲಿಗೇರಿತು. ಬಾಗಿಲು ಮೂರು ಹೆಜ್ಜೆಯಾಚೆ ಇತ್ತು. ಮರ್ಯಾದೆ ಉಳಿಸಿಕೊಳ್ಳಲು ಅವಳು ಸುಮ್ಮನಿದ್ದರೆ ಸಾಕಾಗಿತ್ತು. ಉಳಿದ ಮರ್ಯಾದೆಯನ್ನು ಆ ಮೆತ್ತೆಯ ಕುರ್ಚಿಯ ಮೇಲೆ ಕೂರಿಸಿಕೊಂಡು ಮುದುಕಿಯಾಗಬಹುದಿತ್ತು.

“ನಂಗೆ,” ಎಂದಳು.

ಅವನು ತಿರುಗಿದ.

“ನಂಗೆ ಬೇಕು ನೀವು. ಮಾವನಿಗಲ್ಲ. ನೀವಿಲ್ದೇ ಈ ಕೋಣೇಲಿ ನಾನು ಯಾರನ್ನ ಬೈಲಿ?”

ಅವನು ಗಂಟು ಕೆಳಗಿಟ್ಟ. ಕೆಳಗೆ ಪ್ರೆಸ್ಸು ಶುರುವಾಗಿ ನೆಲ ಸಣ್ಣಗೆ ಅದುರಿತು. ಇಬ್ಬರೂ ಎಷ್ಟು ಹತ್ತಿರ ಬಂದಿದ್ದಾರೆಂಬುದು ಅತ್ತೆಯ ಕೆಮ್ಮು ಕೇಳಿದಾಗಲೇ ಅವಳಿಗೆ ತಿಳಿದದ್ದು.

“ಕೈ ಬಿಡಿ,” ಎಂದು ಪಿಸುಗುಟ್ಟಿದಳು. “ಅತ್ತೆ ಬರ್ತಿದ್ದಾರೆ.”

“ಹಿಡ್ಕೊಂಡಿರೋದು ನೀವು,” ಎಂದ ಅವನು.