ಉಪ್ಪು ನೋಡುವ ನಾಲಿಗೆ

"ಅವನ್ನ ಏನ್ ಕೇಳ್ತೀರಿ ಮೇಡಮ್ಮಾರ, ಸಾಲಿ ಬಿಟ್ಟ ಕತ್ತೆ ಅದು! ಡ್ರಮ್ಮಿನ ಮ್ಯಾಲೆ ಏನ್ ಬರದೈತಿ ಅಂತ ಅದಕ್ಕೇನ್ ತಿಳೀತೈತಿ? ಕೆಂಪಂದ್ರ ಕೆಂಪು, ಹಸರಂದ್ರ ಹಸರು, ಅಷ್ಟ."

ಹಾಗೆಂದು ಮಲಕಾಜಪ್ಪ ಹೊಟ್ಟೆ ಕುಣಿಸಿ ನಕ್ಕ. ಬಣ್ಣದ ಮನೆಯ ಮಾಲೀಕನೇ ನಕ್ಕ ಮೇಲೆ ಉಳಿದವರು ನಗದೆ ಇರುತ್ತಾರೆಯೇ? ನೂಲಿನ ಲಡಿ ಹಿಂಡುತ್ತಿದ್ದ ಗಂಡಸರು ನಕ್ಕರು, ಅಂಗಳದ ಗಳಗಳ ಮೇಲೆ ಲಡಿ ಹರವುತ್ತಿದ್ದ ಹೆಂಗಸರು ನಕ್ಕರು. ಶಿವಯೋಗಿಯ ತಾಯಿ ಅನಸವ್ವ ಮಾತ್ರ ಸೆರಗನ್ನು ಬಾಯಿಗಿಟ್ಟುಕೊಂಡು ನೆಲ ನೋಡಿದಳು.

ಆ ನಗೆ ಶಿವಯೋಗಿಗೆ ಹೊಸದಲ್ಲ. ಏಳನೆಯ ಇಯತ್ತೆಯಲ್ಲಿ ಪಾಟೀಚೀಲ ಬಿಸಾಕಿ ಬಂದ ದಿನದಿಂದ ಕೇಳಿಕೊಂಡೇ ಬಂದದ್ದು. ಆದರೆ ಅವತ್ತು ಫೈಲು ಹಿಡಿದು ನಿಂತಿದ್ದ ಹೊಸ ಹುಡುಗಿಯ ತುಟಿಯ ಮೂಲೆಯೂ ಒಂದಿಷ್ಟು ಮೇಲೆದ್ದಿತು. ಅದು ಅವನ ಕಣ್ಣಿಗೆ ಬಿತ್ತು. ಕುದಿಯುವ ಕೊಪ್ಪರಿಗೆಗೆ ಕೈ ಹಾಕಿದ್ದರೂ ಅಷ್ಟು ಸುಡುತ್ತಿರಲಿಲ್ಲ.

"ಡೇಂಜರ್ ಅಂತ ಬರದಾರ್ರಿ," ಅಂದ ಅವನು, ಅವಳನ್ನೇ ದಿಟ್ಟಿಸಿ. "ಕೆಳಗ ತಲಿಬುರುಡಿ ಚಿತ್ರ ಐತಿ. ಅದನ್ನ ಓದಾಕ ಸಾಲಿ ಬೇಕಾಗಂಗಿಲ್ಲ."

ಲಡಿ ಹಿಂಡುತ್ತಿದ್ದವರು ಮತ್ತೆ ಕೆಲಸಕ್ಕೆ ಬಗ್ಗಿದರು.

ಅವಳ ಹೆಸರು ಕಾವೇರಿ. ಜಮಖಂಡಿಯವಳು, ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಗುರಪ್ಪನವರ ಮಗಳು. ಬೆಂಗಳೂರಿನ ಬಟ್ಟೆ ಕಂಪನಿಯೊಂದು ಅವಳನ್ನು ಬನಹಟ್ಟಿಯ ಈ ಬಣ್ಣದ ಮನೆಗೆ ತಪಾಸಣೆಗೆಂದು ಹಚ್ಚಿತ್ತು. ಆ ಕಂಪನಿಯ ಅಂಗಡಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬಣ್ಣ ಬದಲಾಗಬೇಕು. ಇಲ್ಲಿ ಬಣ್ಣ ಹಾಕಿದ ನೂಲು ಓಣಿಯ ಮಗ್ಗಗಳಿಗೆ ಹೋಗಿ, ದುಪಟ್ಟಾ ಆಗಿ ಇದೇ ಅಂಗಳಕ್ಕೆ ಬಂದು, ಮಡಚಿಸಿಕೊಂಡು ಬೆಂಗಳೂರಿಗೆ ಹೋಗುತ್ತಿತ್ತು. ಅಂಗಡಿಯ ಮುಂದೆ 'ಭೂಮಿಗೆ ನೋವಾಗದ ಬಟ್ಟೆ' ಎಂದು ಬೋರ್ಡು. ಅದು ಖರೆಯೋ ಸುಳ್ಳೋ ನೋಡಿ ಬರೆಯುವುದು ಕಾವೇರಿಯ ಕೆಲಸ.

ಊಟದ ಹೊತ್ತಿಗೆ ಅವಳೇ ಅವನನ್ನು ಹುಡುಕಿಕೊಂಡು ಹಿತ್ತಲಿಗೆ ಬಂದಳು.

"ನಕ್ಕಿದ್ದು ತಪ್ಪಾತ್ರಿ."

"ನೀವು ನಗಲಿಲ್ಲಲ್ಲ."

"ನಕ್ಕೆ. ನೀವು ನೋಡಿದ್ರಿ."

"ನಾ ಏನೂ ನೋಡಿಲ್ರಿ."

"ನೋಡಿಲ್ಲಂದ್ರ ನಿಮ್ಮ ಮಾರಿ ಯಾಕ ಆ ಕೊಪ್ಪರಿಗಿ ಗತೆ ಕೆಂಪಗಾತು?"

ಶಿವಯೋಗಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕದ್ದನ್ನು ಒಗೆಯುವ ಚಾಳಿ. ಅವತ್ತು ಕೈಯಲ್ಲಿ ರೊಟ್ಟಿ ಇತ್ತು. ಒಗೆಯಲಿಲ್ಲ. ಅರ್ಧ ಮುರಿದು ಅವಳ ಕಡೆ ಚಾಚಿದ. ಅವನ ನೀಲಿಗಟ್ಟಿದ ಉಗುರುಗಳನ್ನು ಒಂದು ಕ್ಷಣ ನೋಡಿ, ಅವಳು ತೆಗೆದುಕೊಂಡಳು.

ಆಮೇಲೆ ಬುಧವಾರ ಅಂದರೆ ಅವನಿಗೆ ಬೇರೆಯೇ ವಾರವಾಯಿತು. ಜಮಖಂಡಿಯ ಬಸ್ಸು ಹತ್ತಕ್ಕೆ ಬರುತ್ತಿತ್ತು. ಒಂಬತ್ತಕ್ಕೇ ಅವನು ಕೈಗೆ ಲಿಂಬೆಹಣ್ಣು ತಿಕ್ಕಲು ಕೂಡುತ್ತಿದ್ದ. ಬಣ್ಣ ಹೋಗುತ್ತಿರಲಿಲ್ಲ, ಕೈ ಉರಿಯುತ್ತಿತ್ತು ಅಷ್ಟೇ.

"ಇವತ್ತು ಯಾವ ಬಣ್ಣ? ತೋರಸ್ರಿ ಕೈ."

ಅವನು ಕೈ ಬೆನ್ನ ಹಿಂದೆ ಮುಚ್ಚಿಡುತ್ತಿದ್ದ. "ಏನೈತ್ರಿ ಅದರಾಗ ನೋಡೂವಂಥಾದ್ದು?"

"ಮುಂದಿನ ತಿಂಗಳ ಬೆಂಗಳೂರಾಗ ಏನ್ ಹಾಕ್ಕೋತಾರ ಅಂತ ನಿಮ್ಮ ಕೈ ನೋಡಿದ್ರ ಗೊತ್ತಾಕ್ಕೈತಿ. ಅದಕ್ಕ."

"ಹಂಗಂದ್ರ ನಾನ ಫ್ಯಾಶನ್ ಅನ್ರಿ."

"ಹೂಂ. ಲುಂಗಿ ಉಟ್ಟ ಫ್ಯಾಶನ್."

ಅವಳು ನೂಲಿನ ಗಳಗಳ ಆಚೆ ನಿಂತು ಬರೆಯುತ್ತಿದ್ದಾಗ ಅವನು ಈಚೆಯಿಂದ ಒದ್ದೆ ಲಡಿಗಳನ್ನು ಎರಡು ಬೆರಳಿನಷ್ಟು ಸರಿಸುತ್ತಿದ್ದ. ಆ ಸಂದಿಯಲ್ಲಿ ಒಂದು ಕಿವಿಯೋಲೆ, ಒಂದು ಹುಬ್ಬು, ಪೆನ್ನು ಕಚ್ಚಿದ ತುಟಿ. ಅವಳು ತಲೆಯೆತ್ತದೆ ಅನ್ನುತ್ತಿದ್ದಳು: "ನೂಲು ಒಣಗಿಲ್ಲರಿ ಇನ್ನಾ. ಹತ್ತ ಸಲ ಮುಟ್ಟಿ ನೋಡಿದ್ರ ಲಗೂನ ಒಣಗಂಗಿಲ್ಲ."

ಆ ಕಡೆ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಆ ನಗೆ ಅವನಿಗೆ ಸುಡುತ್ತಿರಲಿಲ್ಲ.

ಅವಳ ಮಂದಿ ಬೇರೆ, ಇವನ ಮಂದಿ ಬೇರೆ. ಅವಳು ಡಿಗ್ರಿ, ಇವನು ಏಳನೆಯ ಇಯತ್ತೆ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದರೂ ಬುಧವಾರ ಬರುವುದು ತಪ್ಪುತ್ತಿರಲಿಲ್ಲವಲ್ಲ!

ಒಂದು ಬುಧವಾರ ಅವಳು ಸದ್ದಿಲ್ಲದೆ ಬಂದಾಗ ಅವನು ಕೊಪ್ಪರಿಗೆಯ ಅಂಚಿನಲ್ಲಿ ಬಗ್ಗಿದ್ದ. ಬೆರಳನ್ನು ಇನ್ನೂ ಕುದಿಬಾರದ ಕೆಂಪು ನೀರಿಗೆ ಅದ್ದಿ ನಾಲಿಗೆಯ ತುದಿಗೆ ಹಚ್ಚಿದ. ಕಣ್ಣು ಮುಚ್ಚಿದ. "ಇನ್ನ ಎರಡ ಬುಟ್ಟಿ," ಅಂದ.

ಕಾವೇರಿ ಓಡಿಬಂದು ಅವನ ಕೈಗೆ ಫಟ್ಟನೆ ಹೊಡೆದಳು. ಫೈಲು ಕೆಸರಿಗೆ ಬಿತ್ತು.

"ಹುಚ್ಚು ಹಿಡದೈತೇನ್ರಿ? ಏನ್ ಮಾಡಾಕತ್ತೀರಿ?"

"ಉಪ್ಪು ನೋಡಾಕತ್ತೇನ್ರಿ."

"ಸಾರ್ ಕುದಸಾಕತ್ತೀರೇನು ಉಪ್ಪು ನೋಡಾಕ?"

ಉಪ್ಪು ಕಡಿಮೆಯಾದರೆ ಬಣ್ಣ ನೂಲಿಗೆ ಹತ್ತುವುದಿಲ್ಲ, ಹೆಚ್ಚಾದರೆ ಕಲೆ ಬೀಳುತ್ತದೆ. ಅಳೆದು ಹಾಕೋಣ ಎಂದರೆ ಮಲಕಾಜಪ್ಪನ ಹತ್ತಿರ ಮಾಪೂ ಇಲ್ಲ, ಪುರುಸೊತ್ತೂ ಇಲ್ಲ. ಶಿವಯೋಗಿಯ ಅಪ್ಪ ಚನಮಲ್ಲಪ್ಪ ಹೀಗೇ ನೋಡುತ್ತಿದ್ದ. ಅಪ್ಪನ ಕಾಲದಲ್ಲಿ ದಿನಕ್ಕೆ ಎರಡು ಕೊಪ್ಪರಿಗೆ. ಈ ಕಂಪನಿ ಬಂದ ಮೇಲೆ ಎಂಟು.

"ನನ್ನ ನಾಲಿಗಿ ಒಂದ ದಿನಾನೂ ತಪ್ಪಿಲ್ರಿ," ಅಂದ ಅವನು. ಸರ್ಟಿಫಿಕೇಟು ತೋರಿಸುವವನ ಹಾಗೆ ಎದೆಯೆತ್ತಿ ಅಂದ. ಅವನ ಬಳಿ ಬೇರೆ ಸರ್ಟಿಫಿಕೇಟು ಇರಲಿಲ್ಲ.

ಅವಳು ನಗಲಿಲ್ಲ.

ಮುಂದಿನ ಬುಧವಾರ ಅವಳೇ ಅವನನ್ನು ಸಿದ್ದಕ್ಕನ ಚಹಾದಂಗಡಿಗೆ ಕರೆದುಕೊಂಡು ಹೋದಳು. ಎರಡು ಕಪ್ಪು ತಂದಳು. ಒಂದನ್ನು ಅವನ ಕೈಗಿಟ್ಟು, ಗಲ್ಲಕ್ಕೆ ಕೈಹಚ್ಚಿ ಅವನ ಮುಖವನ್ನೇ ನೋಡುತ್ತ ಕೂತಳು. ಅಷ್ಟು ಹತ್ತಿರದಿಂದ ಅವಳು ಅವನನ್ನು ಯಾವತ್ತೂ ನೋಡಿರಲಿಲ್ಲ. ಅವನು ಗಡಬಡಿಸಿ ಒಂದು ಗುಟುಕು ಕುಡಿದ.

"ಹೆಂಗೈತಿ ಚಾ?"

"ಛಲೋ ಐತ್ರಿ. ಸಕ್ಕರಿ ತುಸು ಜಾಸ್ತಿ ಆತು ನೋಡ್ರಿ."

ಕಾವೇರಿಯ ಕೈ ಗಲ್ಲದಿಂದ ಜಾರಿತು. "ಸಕ್ಕರಿ ಹಾಕಬ್ಯಾಡಂತ ನಾನ ಹೇಳಿದ್ದೆ."

ಅವನು ಕಪ್ಪು ಕೆಳಗಿಟ್ಟ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಖಟಖಟ ಅನ್ನುತ್ತಿದ್ದವು.

"ಯಾವಾಗಿಂದ?"

"ಗೊತ್ತಿಲ್ರಿ. ಮೊದಲ ಸಿಹಿ ಹೋತು. ಆಮ್ಯಾಲೆ ಹುಳಿ, ಖಾರ. ಈಗ ಉಪ್ಪು ಅಷ್ಟ ಉಳದೈತಿ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಯಾರಿಗೂ ಹೇಳಬ್ಯಾಡ್ರಿ. ಅದೂ ಹೊಂಟೈತಿ. ಹೋತಂದ್ರ ನನ್ನ ಯಾರ್ ಇಟ್ಕೋತಾರ?"

"ನಾ ಹೇಳಾಕಿ. ಹೇಳೂದ ನನ್ನ ಕೆಲಸ." ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಎಲ್ಲಾ ಬರೀತೀನಿ. ನಿಮ್ಮ ನಾಲಿಗಿ ಬರೀತೀನಿ, ಹಳ್ಳಕ್ಕ ಬಿಡೂ ನೀರು ಬರೀತೀನಿ. ಮಾಪು ಬರ್ತೈತಿ, ಕೈಗೆ ಗ್ಲೌಸ್ ಬರ್ತಾವು, ನೀರು ಸೋಸೂ ಟಾಕಿ ಕಟ್ಟಾಕ ಬೇಕು ಅವರು."

ಶಿವಯೋಗಿ ಕಂಪನಿಯನ್ನು ನಂಬಲಿಲ್ಲ. ಅವಳನ್ನು ನಂಬಿದ. ಎರಡೂ ಒಂದೇ ಅಲ್ಲ ಅನ್ನುವುದು ಅವತ್ತು ಅವನಿಗೆ ಹೊಳೆಯಲಿಲ್ಲ.

"ಬರೇ ಬರದ್ರ ಯಾರ್ ನಂಬತಾರ್ರಿ? ಸಾಕ್ಷಿ ಬೇಕಲ್ಲ. ಫೋಟೋ ತಗೀರಿ."

"ಬ್ಯಾಡ. ಇನ್ನೊಮ್ಮೆ ಅದನ್ನ ಬಾಯಿಗೆ ಹಚ್ಚೂದು ಬ್ಯಾಡ."

ಅವನು ಆಗಲೇ ಎದ್ದು ಬಣ್ಣದ ಮನೆಗೆ ನಡೆದಿದ್ದ. ಬೆರಳು ಅದ್ದಿದ. ಹಿಂದೆಯೇ ಬಂದ ಅವಳು ತುಂಬಿದ ಕಣ್ಣಲ್ಲೇ ಮೊಬೈಲು ಎತ್ತಿದಳು. ಅವನು ಮೊಬೈಲು ನೋಡಲಿಲ್ಲ, ಅದರ ಹಿಂದಿದ್ದ ಅವಳ ಕಣ್ಣು ನೋಡಿದ. ಇಷ್ಟು ವರ್ಷದಲ್ಲಿ ತನಗಾಗಿ ಒಬ್ಬರಾದರೂ ಕಣ್ಣೀರು ಹಾಕಿದರಲ್ಲ ಎಂದು, ನಾಲಿಗೆಯ ಮೇಲೆ ವಿಷವಿದ್ದರೂ, ಅವನ ಮುಖದ ಮೇಲೆ ಒಂದು ನಗೆ ಬಂದುಬಿಟ್ಟಿತು. ಅವನ ತಾಯಿ ಕೂಡ ಅಂಥ ನಗೆ ಕಂಡಿರಲಿಲ್ಲ.

ಫೋಟೋ ಚೆನ್ನಾಗಿ ಬಂತು. ಅದೇ ಘಾತವಾಯಿತು.

ಮೂರು ಬುಧವಾರ ಕಾವೇರಿ ಬರಲಿಲ್ಲ. ಬೆಂಗಳೂರಿಗೆ ಕರೆಸಿಕೊಂಡಿದ್ದಾರೆ ಅಂದರು. ನಾಲ್ಕನೆಯ ವಾರ ಬೆಂಗಳೂರಿನಿಂದ ರಟ್ಟಿನ ಡಬ್ಬಿಗಳು ಬಂದವು. ದುಪಟ್ಟಾಗಳಿಗೆ ಕಟ್ಟುವ ಹೊಸ ಟ್ಯಾಗುಗಳು.

"ಬರ್ರಿ, ಬರ್ರಿ! ನಮ್ಮ ಶಿವ್ಯಾ ಪಿಚ್ಚರಿನ್ಯಾಗ ಬಂದಾನ!" ಮಲಕಾಜಪ್ಪ ಅಂಗಳದ ನಡುವೆ ನಿಂತು ಟ್ಯಾಗು ಎತ್ತಿ ಹಿಡಿದ.

ಟ್ಯಾಗಿನ ಮೇಲೆ ಶಿವಯೋಗಿ. ನಾಲಿಗೆಯ ಮೇಲೆ ಬೆರಳು, ಕಣ್ಣಲ್ಲಿ ಆ ನಗೆ. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಫೋನಿನಲ್ಲಿ ಕೇಳಿ ತಿಳಿದುಕೊಂಡ ಅರ್ಥವನ್ನು ಮಲಕಾಜಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ನಮ್ಮ ಬಣ್ಣ ಎಷ್ಟು ಶುದ್ಧ ಅಂದ್ರ, ಮಾಡೂ ಮನಷ್ಯಾನ ನೆಕ್ಕಿ ನೋಡಿ ಪಾಸ್ ಮಾಡ್ತಾನ."

ಅನಸವ್ವ ಒಂದು ಟ್ಯಾಗು ಬೇಡಿ ತೆಗೆದುಕೊಂಡಳು. ಸೆರಗಿನಿಂದ ಒರೆಸಿ, ಕುಬಸದೊಳಗೆ ಇಟ್ಟುಕೊಂಡಳು. "ನನ್ನ ಮಗನ ಮಾರಿ ಎಷ್ಟ್ ಚಂದ ಬಂದೈತಿ ನೋಡ್ರೆವಾ," ಅಂದಳು.

ಶಿವಯೋಗಿ ಟ್ಯಾಗನ್ನು ದಿಟ್ಟಿಸಿದ. ಆ ನಗೆ ಒಬ್ಬಳಿಗಾಗಿ ನಕ್ಕದ್ದು. ಈಗ ಅದು ದಾರಕ್ಕೆ ಪೋಣಿಸಿಕೊಂಡು ಗೊತ್ತಿಲ್ಲದ ಹೆಗಲುಗಳ ಮೇಲೆ ನೇತಾಡಲು ಹೊರಟಿತ್ತು. ಒಂದು ಡಬ್ಬಿಯನ್ನು ಎತ್ತಿ ಗೋಡೆಗೆ ಒಗೆದ. ಅವನದೇ ಮುಖ ಅಂಗಳದ ತುಂಬ ಚೆಲ್ಲಿತು. ಹೆಂಗಸರು ಬೈದುಕೊಳ್ಳುತ್ತ ಆರಿಸಿದರು.

ಮರುದಿನವೇ ಕಾವೇರಿ ಬಂದಳು. ಬುಧವಾರವಲ್ಲ, ಶುಕ್ರವಾರ. ಹೆಂಗಸರು ಸಾಲಾಗಿ ಕೂತು ಟ್ಯಾಗು ಕಟ್ಟುತ್ತಿದ್ದರು. ಅವರನ್ನು ದಾಟಿ ಅವಳು ನೇರ ಕೊಪ್ಪರಿಗೆಯ ಹತ್ತಿರ ಬಂದು ನಿಂತಳು. ಕಣ್ಣು ಊದಿದ್ದವು.

"ನಾ ಖರೆ ಬರದಿದ್ದೆ. ಹನ್ನೆರಡು ಪುಟ ಬರದಿದ್ದೆ. ಅವರು ಎಲ್ಲಾ ಬಿಟ್ಟು ಫೋಟೋ ಅಷ್ಟ ತಗೊಂಡ್ರು."

"ಮತ್ತ ಈಗ ಏನ್ ತಗೊಂಡ ಹೋಗಾಕ ಬಂದ್ರಿ?"

ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದಳು. ಕೊಡಲೋ ಬೇಡವೋ ಎಂಬಂತೆ ಎದೆಗೆ ಹಿಡಿದುಕೊಂಡಳು. "ಫೋಟೋಕ್ಕ ನನ್ನ ಒಪ್ಪಿಗಿ ಐತಿ, ಈ ಬಣ್ಣದಿಂದ ನನಗ ಏನೂ ತ್ರಾಸಾಗಿಲ್ಲ. ಹಿಂಗ ಬರದೈತಿ ಇದರಾಗ. ನೀವು ಸಹಿ ಮಾಡಿದ್ರ ಟಾಕಿ ಕಟ್ಟತಾರ. ಮಾಪು, ಗ್ಲೌಸ್, ಎಲ್ಲಾ. ನಾ ಜಗಳಾಡಿ ಬರಸ್ಕೊಂಡ ಬಂದೇನಿ."

"ಮಾಡಲಿಲ್ಲಂದ್ರ?"

"ಬನಹಟ್ಟಿ ಕೆಲಸಾನ ಬಂದ್ ಮಾಡ್ತಾರ. ಯಾರೂ ಏನೂ ಕೇಳದ ಊರಿಗೆ ಹೊಕ್ಕಾರ."

"ನನ್ನ ನಾಲಿಗಿ ಸಾಯಸಿ, ನನ್ನ ಕೈಲೆ ತ್ರಾಸಿಲ್ಲಂತ ಬರಸ್ಕೋತೀರಿ!" ಅವನ ದನಿಗೆ ಲಡಿ ಹಿಂಡುವವರ ಕೈ ನಿಂತವು. "ಮಲಕಾಜಪ್ಪ ಬರೇ ಬೈತಿದ್ದ. ನೀವು ಅಳಕೋಂತ ಬಂದು ಕೊಯ್ದ್ರಿ."

ಅವಳು ಆ ಮಾತನ್ನು ತಡೆದುಕೊಂಡಳು. ಆಮೇಲೆ, ಎಲ್ಲರೂ ನೋಡುತ್ತಿರುವಾಗಲೇ, ಅವನ ಬಣ್ಣಗಟ್ಟಿದ ಕೈಯನ್ನು ಎರಡೂ ಕೈಯಿಂದ ಹಿಡಿದಳು.

"ಸಹಿ ಮಾಡು ಅನ್ನಾಕ ಬಂದಿಲ್ಲ ನಾ. ನೀ ಬ್ಯಾಡ ಅಂದ್ರ ಇಲ್ಲೇ ಹರೀತೀನಿ. ನೌಕರಿ ಬಿಡ್ತೀನಿ. ಪೇಪರಿನವರ ಮುಂದ ಹೋಗಿ ಎಲ್ಲಾ ಹೇಳ್ತೀನಿ. ಮಾಡ್ತೇನಿ ಅಂದ್ರ ಆ ಟಾಕಿ ಕಟ್ಟೂತನಾ ಅವರ ಬೆನ್ನ ಬಿಡಂಗಿಲ್ಲ. ಯಾವುದು ಅಂತ ನೀನ ಹೇಳಬೇಕು. ಲಗ್ನಕ್ಕ ಅಪ್ಪಗ ನಿನ್ನ ಹೆಸರು ಹೇಳೇನಿ. ಎರಡ ದಿನಾ ಆತು, ಮನಿಯಾಗ ಯಾರೂ ಉಂಡಿಲ್ಲ."

"ನನ್ನ ಹೆಸರ ಯಾಕ ಹೇಳಿದ್ರಿ?"

"ಬ್ಯಾರೆ ಯಾರ ಹೆಸರೂ ನನ್ನ ಬಾಯಾಗ ಬರವಲ್ದು. ಅದಕ್ಕ."

ಮೊದಲ ಸಲ ಅವಳು ಅವನಿಗೆ 'ನೀ' ಅಂದಿದ್ದಳು. ಎಷ್ಟು ಬುಧವಾರ ಅವನು ಆ ಒಂದಕ್ಷರಕ್ಕೆ ಕಾದಿದ್ದ! ಬಂತು, ಇಂಥ ಹೊತ್ತಿನಲ್ಲಿ ಬಂತು.

ಅವನು ಸುತ್ತ ನೋಡಿದ. ಹೆಂಗಸರ ಕೈಯಲ್ಲಿ ದಾರ ನಿಂತಿತ್ತು. ಅವರೆಲ್ಲ ಅವನ ಬಾಯಿ ನೋಡುತ್ತಿದ್ದರು. ಬೇಡ ಅಂದರೆ ಬರುವ ತಿಂಗಳು ಈ ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಇದೇ ಹೆಂಗಸರು ಅವನ ತಾಯಿಯ ಮುಖ ನೋಡದಂತಾಗುತ್ತಾರೆ. ಹೂಂ ಅಂದರೆ, ತ್ರಾಸಿಲ್ಲ ಎಂಬ ಮಾತಿನ ಕೆಳಗೆ ಅವನ ಹೆಸರು ಕೂರುತ್ತದೆ. ಅದನ್ನು ತೋರಿಸಿ ಇನ್ನೊಂದು ಊರಿನಲ್ಲಿ ಇನ್ನೊಬ್ಬನ ಬಾಯಿಗೆ ಬೆರಳು ಇಡಿಸುತ್ತಾರೆ. ಬಾ ಅಂದರೆ ಅವಳು ಬಂದೇ ಬರುತ್ತಾಳೆ, ಅಪ್ಪನ ಮನೆ ಬಿಟ್ಟು, ಈ ಕೆಂಪು ನೀರಿಗೆ. ಹೋಗು ಅನ್ನುವ ಶಕ್ತಿ ಅವನಿಗಿರಲಿಲ್ಲ.

"ಏನರೆ ಒಂದ ಅನ್ನೋ ಯಪ್ಪಾ," ಅಂದಳು ಅನಸವ್ವ. "ಹುಡುಗಿ ನಿಂತೈತಿ."

ಮಲಕಾಜಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಅಂಗಳದವರೆಲ್ಲ ಶಿವಯೋಗಿಯ ಮಾತಿಗೆ ಕಾದು ನಿಂತಿದ್ದರು.

ಅವನು ಅವಳ ಕೈಯಿಂದ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡ. ಅವಳ ಅಂಗೈಗೆ ಕೆಂಪು ಹತ್ತಿತ್ತು. ಲುಂಗಿಯ ಚುಂಗಿನಿಂದ ಅದನ್ನು ಒರೆಸಲು ನೋಡಿದ. ಹೋಗಲಿಲ್ಲ. ಇನ್ನಷ್ಟು ಹರಡಿತು.

ಆಮೇಲೆ ತಿರುಗಿ ನಡೆದ.

"ಶಿವಯೋಗಿ! ಹೂಂ ಅನ್ನು, ಇಲ್ಲಾ ಬ್ಯಾಡ ಅನ್ನು. ಬೈಯೋದಿದ್ರ ಬೈ! ಸುಮ್ನ ಹೋಗಬ್ಯಾಡ!"

ಒದ್ದೆ ಲಡಿಗಳ ನಡುವೆ ನುಗ್ಗಿ, ಗೇಟು ದಾಟಿ, ಅವನು ಹಳ್ಳದ ದಂಡೆ ಹಿಡಿದ. ಹಿಂದೆ ಅವಳ ಕೂಗು ಎರಡು ಸಲ ಕೇಳಿತು. ಮೂರನೆಯದನ್ನು ಓಣಿಯ ಮಗ್ಗಗಳ ಸದ್ದು ನುಂಗಿತು. ಬಿಸಿಲು ನೆತ್ತಿಗೇರಿತ್ತು. ಕಾಲಿಗೆ ಚಪ್ಪಲಿ ಇರಲಿಲ್ಲ. ಹಳ್ಳದ ನೀರು ಬಣ್ಣ ಹೊತ್ತುಕೊಂಡು ಅವನ ಪಕ್ಕದಲ್ಲೇ ಸ್ವಲ್ಪ ದೂರ ಹರಿದು, ಜಾಲಿಗಂಟಿಗಳ ಹಿಂದೆ ಹೊಳೆಯ ಕಡೆ ತಿರುಗಿತು. ಅವನು ರಬಕವಿಯ ದಾರಿಯಲ್ಲಿ ನಡೆಯುತ್ತಲೇ ಹೋದ.